ಸಾಲಿನಲ್ಲಿ ಆರನೆಯದು ಕತ್ತೆ

ಸರ್‌ಲುಂಗ್‌ನಲ್ಲಿ ಅವನನ್ನು ಯಾರೂ ಹೆಸರು ಹಿಡಿದು ಕರೆಯುತ್ತಿರಲಿಲ್ಲ. ಅವನ ಹೆಸರು ಗ್ಯಾಲ್ಪೊ. ಗ್ಯಾಲ್ಪೊ ಎಂದರೆ ದೊರೆ. ನಗಾರಿ ಬಾರಿಸುವ ಮೋನ್ ಜಾತಿಯವನನ್ನು ದಿನಕ್ಕೆ ಹತ್ತು ಸಲ ದೊರೆ ದೊರೆ ಎಂದು ಕರೆಯಲು ಊರಿನವರ ನಾಲಿಗೆ ಏಳುತ್ತಿರಲಿಲ್ಲ. ಹಾಗಾಗಿ 'ಏ ಮೋನ್' ಎನ್ನುತ್ತಿದ್ದರು. ಅವನ ಅಪ್ಪ ಆ ಹೆಸರನ್ನು ಬೇಕೆಂದೇ ಇಟ್ಟಿದ್ದನೋ, ಛಾಂಗ್ ಕುಡಿದ ಅಮಲಿನಲ್ಲಿ ಇಟ್ಟಿದ್ದನೋ ಗೊತ್ತಿಲ್ಲ. ಏನೇ ಆಗಲಿ, ಆ ಮನುಷ್ಯನಿಗೆ ನನ್ನದೊಂದು ನಮಸ್ಕಾರ.

ಗ್ಯಾಲ್ಪೊಗೆ ಅರವತ್ತೆರಡು ವರ್ಷ. ಐವತ್ತು ವರ್ಷದಿಂದ ದಮನ್ ಬಾರಿಸುತ್ತಿದ್ದಾನೆ. ದಮನ್ ಎಂದರೆ ಜೋಡಿ ನಗಾರಿ. ಸಗಣಿ ಬೆಂಕಿಯ ಮುಂದೆ ಚರ್ಮ ಕಾಯಿಸಬೇಕು. ಬಿಗಿಯಾದ ಮೇಲೆ ಬೆನ್ನಿಗೆ ಹೊತ್ತು ಒಯ್ಯಬೇಕು. ಗೋಡೆಯ ಹೊರಗೆ, ನೆಲದ ಮೇಲೆ, ಗಾಳಿಗೆ ಮುಖ ಕೊಟ್ಟು ಕೂರಬೇಕು. ಬೆಳಿಗ್ಗೆಯಿಂದ ಸಂಜೆಯವರೆಗೆ ಬಾರಿಸಬೇಕು. ಚಳಿಗೆ ಬೆರಳ ಗಂಟು ಒಡೆಯುತ್ತದೆ. ಒಡೆದ ಗಂಟಿಗೆ ಬೆಣ್ಣೆ ಸವರಿ ಮತ್ತೆ ಬಾರಿಸಬೇಕು. ಒಳಗಿನವರ ಊಟ ಮುಗಿದ ಮೇಲೆ ಯಾರಾದರೂ ಬಂದು, ಅವನು ಮನೆಯಿಂದ ತಂದ ಬಟ್ಟಲಿಗೆ, ಮಾರು ಎತ್ತರದಿಂದ ಉಪ್ಪು ಚಹಾ ಸುರಿಯುತ್ತಾರೆ. ಅರ್ಧ ಬಟ್ಟಲಿಗೆ ಬೀಳುತ್ತದೆ. ಇನ್ನರ್ಧ ಅವನ ಮೊಣಕಾಲಿಗೆ ಬೀಳುತ್ತದೆ. ಮೊಣಕಾಲಿಗಾದರೂ ಬಿಸಿ ಸಿಕ್ಕಿತಲ್ಲ ಎನ್ನುತ್ತಿದ್ದಳು ಅವನ ಹೆಂಡತಿ ಛೋರೊಲ್. ಅವಳ ನಾಲಿಗೆ ಅಂಥದ್ದು.

ಅವನಿಲ್ಲದೆ ಊರಿನಲ್ಲಿ ಏನೂ ನಡೆಯುವುದಿಲ್ಲ. ಬಿಲ್ಲಾಟಕ್ಕೆ ಒಂದು ಗತ್ತು. ಮದುವೆ ದಿಬ್ಬಣಕ್ಕೆ ಇನ್ನೊಂದು. ಮದುಮಗಳು ತವರು ಬಿಡುವಾಗ ಬೇರೆ. ಲಾಮಾ ಊರೊಳಗೆ ಬರುವಾಗ ಬೇರೆ. ಇವೆಲ್ಲದರ ಮೇಲೆ ಇನ್ನೊಂದಿತ್ತು, ದೊರೆ ಬಂದಾಗ ಬಾರಿಸುವ ಗತ್ತು. ಅದನ್ನು ಕೇಳಿದ ಕೂಡಲೇ ಊರಿಗೆ ಊರೇ ಎದ್ದು ನಿಲ್ಲಬೇಕು. ನಿಲ್ಲಿಸುವ ತನಕ ಯಾರೂ ಕೂರುವಂತಿಲ್ಲ. ಸರ್‌ಲುಂಗ್‌ಗೆ ದೊರೆ ಬಂದದ್ದನ್ನು ಈಗ ಬದುಕಿರುವ ಯಾರೂ ಕಂಡಿಲ್ಲ. ಆದರೂ ಗ್ಯಾಲ್ಪೊನ ಅಜ್ಜ ಆ ಗತ್ತನ್ನು ಮೊಮ್ಮಗನ ಬೆನ್ನಿನ ಮೇಲೆ ಬಾರಿಸಿ ಬಾರಿಸಿ ಕಲಿಸಿದ್ದ. ಹೊಸ ವರ್ಷದ ದಿನ ಗೊಂಪಾದ, ಅಂದರೆ ಊರ ಮಠದ, ಅಂಗಳದಲ್ಲಿ, ಮರೆತುಹೋಗಬಾರದೆಂದು, ಅದನ್ನೊಮ್ಮೆ ಚಿಕ್ಕದಾಗಿ ಬಾರಿಸುವ ಪದ್ಧತಿ ಇತ್ತು. ಮುದುಕರು ಮೊಣಕಾಲು ಹಿಡಿದುಕೊಂಡು ಏಳುತ್ತಿದ್ದರು. ಯಾರಿಗಾಗಿ ಏಳುತ್ತಿದ್ದೇವೆ ಎಂದು ಯಾರಿಗೂ ಗೊತ್ತಿರಲಿಲ್ಲ. ಕಾಲಿಗೆ ಗೊತ್ತಿತ್ತು.

ಹೋದ ವಸಂತದಲ್ಲಿ ಊರಿಗೆ ಗೆನ್ ಝೋಪಾ ಬಂದರು. ಮೂವತ್ತು ವರ್ಷದ ಭಿಕ್ಷು. ಗೆನ್ ಎಂದರೆ ಗುರು, ಝೋಪಾ ಎಂದರೆ ಸಹನೆ. ಹೆಸರಿಗೆ ತಕ್ಕ ಮನುಷ್ಯ. ಬೇರೆಯವರ ಕಷ್ಟವನ್ನು ಬಹಳ ಸಹನೆಯಿಂದ ನೋಡುತ್ತಿದ್ದರು. ಅವರು ಭಾನುವಾರ ಭಾನುವಾರ ಊರಿನ ಪುಟ್ಟ ಮಕ್ಕಳಿಗೆ ಧರ್ಮದ ಪಾಠ ಹೇಳುವುದಾಗಿ ಹೇಳಿದರು. ಜಾತಿ ಗೀತಿ ಇಲ್ಲ, ಎಲ್ಲ ಮಕ್ಕಳೂ ಬರಬಹುದು ಎಂದೂ ಹೇಳಿದರು. ಗ್ಯಾಲ್ಪೊ ಅದನ್ನು ನಂಬಿದ.

ಗೊಂಪಾದ ಕೆಳಗಿನ ಪಾಳು ಕೋಣೆಯನ್ನು ಪಾಠಕ್ಕೆ ಸರಿಮಾಡಿದವನು ಅವನೇ. ಮರಗೆಲಸವೂ ಮೋನ್‌ಗಳದ್ದೇ ತಾನೇ. ಹೊಳೆಯಿಂದ ಮಣ್ಣು ಹೊತ್ತ. ನೆಲ ಮೆತ್ತಿದ. ಪಾಪ್ಲರ್ ಮರ ಕೊಯ್ದು, ಉಜ್ಜಿ, ಹನ್ನೆರಡು ಗಿಡ್ಡ ಮೇಜು ಮಾಡಿದ. ಒಂದೊಂದರ ಮೇಲೂ ಕಮಲದ ಹೂ ಕೆತ್ತಿದ. ಹನ್ನೆರಡು ಮುಗಿದಾಗ ಗೋಬಾನನ್ನು, ಅಂದರೆ ಊರ ಯಜಮಾನ ರಬ್ಗ್ಯಾಸ್‌ನನ್ನು, ಕೇಳಿದ. ನಮ್ಮ ಮೊಮ್ಮಗಳು ಕುನ್ಜೆಸ್‌ಳೂ ಬರುತ್ತಾಳೆ, ಇನ್ನೊಂದು ಮಾಡಲೇ ಎಂದ. ಗೋಬಾ ಬೇಡ ಎನ್ನಲಿಲ್ಲ. ಮರ ಮುಗಿಯಿತಲ್ಲ ಎಂದ. ಹುಡುಗಿ ಬಾಗಿಲ ಹತ್ತಿರ ಕೂರಲಿ, ಒಳ್ಳೇ ಗಾಳಿ ಬರುತ್ತದೆ ಎಂದ.

ನಮ್ಮಲ್ಲಿ ಯಾರೂ ಸುಮ್ಮನೆ ಕೂರುವುದಿಲ್ಲ. ಸಾಲಿನಲ್ಲಿ ಕೂರುತ್ತಾರೆ. ಮೇಲಿನವರು ಮೇಲೆ, ಕೆಳಗಿನವರು ಕೆಳಗೆ. ನಾಲ್ಕು ಜನ ಬಸ್ಸಿಗೆ ಕಾಯುವಾಗಲೂ ನೀವು ಮೇಲೆ ಬನ್ನಿ, ಇಲ್ಲ ನೀವು ಬನ್ನಿ ಎಂದು ಎಳೆದಾಡಿ, ಸಾಲು ಸರಿಹೋಗುವ ಹೊತ್ತಿಗೆ ಬಸ್ಸು ಹೋಗಿರುತ್ತದೆ. ಸಾಲು ಮುಗಿಯುವುದು ಬಾಗಿಲಲ್ಲಿ. ಬಾಗಿಲಲ್ಲಿ ಚಪ್ಪಲಿ ಇರುತ್ತವೆ. ಚಪ್ಪಲಿಯ ಆಚೆ ಮೋನ್ ಇರುತ್ತಾನೆ. ಪಾಠದ ಕೋಣೆಯಲ್ಲೂ ಹಾಗೆಯೇ ಆಯಿತು. ಮೊದಲ ಮೇಜು ಗೋಬಾನ ಮೊಮ್ಮಗ ಒಟ್ಸಲ್‌ನದು. ಆರೂವರೆ ವರ್ಷದ ಕುನ್ಜೆಸ್ ಇಪ್ಪತ್ತನಾಲ್ಕು ಚಪ್ಪಲಿಗಳ ಪಕ್ಕದಲ್ಲಿ, ಪುಸ್ತಕವನ್ನು ತೊಡೆಯ ಮೇಲಿಟ್ಟುಕೊಂಡು ಕೂತಳು. ಮುಂದಿನ ಎರಡು ಹಲ್ಲು ಬಿದ್ದಿದ್ದವು. ಚಹಾಕ್ಕೆ ಅವಳು ಮಾತ್ರ ಮನೆಯಿಂದ ಒಂದು ಬಟ್ಟಲು ತರಬೇಕಿತ್ತು. ಪಾಠ ಮುಗಿದ ಮೇಲೆ ಅದನ್ನು ಹೊರಗಿನ ಗೋಡೆಯ ಗೂಡಿನಲ್ಲಿ ಬೋರಲು ಹಾಕಿ ಬರಬೇಕಿತ್ತು.

ಗ್ಯಾಲ್ಪೊ ನುಂಗಿಕೊಂಡ. ಒಳಗಂತೂ ಸೇರಿಸಿದರಲ್ಲ ಎಂದುಕೊಂಡ. ತಾನು ಚಿಕ್ಕವನಿದ್ದಾಗ ಹೊಸ್ತಿಲು ದಾಟುವಂತೆಯೂ ಇರಲಿಲ್ಲ. ಹುಡುಗಿ ಕಲಿಯುತ್ತಿದ್ದಳು. ಏಳು ಬಟ್ಟಲಿಗೆ ನೀರು ತುಂಬಿ ಒಂದು ಹನಿಯೂ ಚೆಲ್ಲದೆ ದೇವರ ಮುಂದೆ ಇಡುವುದನ್ನು ಹಿಟ್ಟಿನ ಡಬ್ಬಿಯ ಮೇಲೆ ಮಾಡಿ ತೋರಿಸಿದಳು. ಕಣ್ಣು ಮುಚ್ಚಿ ಹತ್ತರವರೆಗೆ ಉಸಿರು ಎಣಿಸುವುದನ್ನು ಅಜ್ಜಿಗೆ ಕಲಿಸಿದಳು. ಛೋರೊಲ್ ನಾಲ್ಕಕ್ಕೇ ಗೊರಕೆ ಹೊಡೆದಳು.

ಆಮೇಲೆ ಅಮ್ಮಂದಿರ ಪಾಠ ಬಂತು.

ಈ ಲೋಕದ ಪ್ರತಿಯೊಂದು ಜೀವಿಯೂ ಯಾವುದೋ ಜನ್ಮದಲ್ಲಿ ನಿಮ್ಮ ತಾಯಿಯಾಗಿತ್ತು ಎಂದರು ಗೆನ್ ಝೋಪಾ. ಹಾಲು ಕುಡಿಸಿತ್ತು, ಮೂಗು ಒರೆಸಿತ್ತು. ಹಾಗಾಗಿ ಯಾವ ಜೀವಿಯನ್ನು ಕಂಡರೂ ಇವಳು ನನ್ನ ಅಮ್ಮ ಎಂದುಕೊಳ್ಳಿ ಎಂದರು. ದೊಡ್ಡವರಿಗೆ ಈ ಮಾತನ್ನು ಹೇಳಿದರೆ ಏನೂ ಅಪಾಯವಿಲ್ಲ. ಅವರು ತಲೆಯಾಡಿಸಿ ಮನೆಗೆ ಹೋಗುತ್ತಾರೆ. ಮಕ್ಕಳು ಹಾಗಲ್ಲ. ಮಕ್ಕಳು ನಂಬುತ್ತಾರೆ.

ಆ ವಾರ ಊರು ಹುಚ್ಚಾಸ್ಪತ್ರೆಯಾಯಿತು. ಒಬ್ಬಳು ಹುಡುಗಿ ತಲೆಗೆ ಬಾಚಣಿಗೆ ಹಾಕಲು ಬಿಡಲಿಲ್ಲ, ಹೇನುಗಳೆಲ್ಲ ನಮ್ಮಮ್ಮಂದಿರು ಎಂದು ಅತ್ತಳು. ಇನ್ನೊಬ್ಬ ಕುರಿಮಾಂಸದ ತುಕ್ಪಾ ಮುಂದೆ ಕೈ ಮುಗಿದು, ಇದು ಯಾರಮ್ಮ ಎಂದು ಕೇಳಿದ. ವಾಸನೆ ಮೂಗಿಗೆ ಬಡಿದ ಮೇಲೆ ಕ್ಷಮೆ ಕೇಳಿ ಎರಡು ಬಟ್ಟಲು ಕುಡಿದ. ನೊಣಗಳಿಗೆ ಜೂಲೆ ಎಂದು ನಮಸ್ಕಾರ ಹೇಳುವವರು, ಇರುವೆಗೆ ದಾರಿ ಬಿಡುವವರು. ಒಟ್ಸಲ್ ಎಲ್ಲರಿಗಿಂತ ಮುಂದೆ ಹೋದ. ಮನೆಯ ಕತ್ತೆಯ ಕೊರಳಿಗೆ ಬಿಳಿ ಖತಕ್ ವಸ್ತ್ರ ಹಾಕಿ, ಅಮಾ-ಲೆ ಎಂದು ಕರೆಯತೊಡಗಿದ. ಅವನ ನಿಜವಾದ ಅಮ್ಮ ಕೋಲು ಹುಡುಕತೊಡಗಿದಳು.

ಮುಂದಿನ ಭಾನುವಾರ ಪಾಠ ಮುಗಿಸಿ ಬಂದ ಕುನ್ಜೆಸ್ ಅಜ್ಜನ ಮುಂದೆ ಕುಕ್ಕರಿಸಿದಳು. ಗ್ಯಾಲ್ಪೊ ಮರ ಉಜ್ಜುತ್ತಿದ್ದ.

"ಮೆಮೆ, ಇವತ್ತು ಕತ್ತೆ ಪಾಠಕ್ಕೆ ಬಂದಿತ್ತು."

ಗ್ಯಾಲ್ಪೊ ಬಿದ್ದು ಬಿದ್ದು ನಕ್ಕ. ಕತ್ತೆ ಏನು ಕಲಿಯಿತು ಎಂದು ಕೇಳಿದ. ಏನೂ ಕಲಿಯಲಿಲ್ಲ, ಬಿಸ್ಕತ್ತು ತಿಂದಿತು ಎಂದಳು. ಓಡಿಸಲಿಲ್ಲವೇ ಎಂದ. ಓಡಿಸಲು ಒಟ್ಸಲ್ ಬಿಡಲಿಲ್ಲವಂತೆ. ಅಮ್ಮನನ್ನು ಹೊರಗೆ ನಿಲ್ಲಿಸಬಾರದು ಎಂದನಂತೆ. ಗೆನ್-ಲೆ ಹಾಗಾದರೆ ಸರಿ ಎಂದರಂತೆ. ಕಿಟಕಿಯ ಹತ್ತಿರ ಸ್ವಲ್ಪ ಜಾಗವಿತ್ತು, ಐದನೇ ಮೇಜಿನ ಆಚೆ ನಿಲ್ಲಿಸಿದರಂತೆ.

"ಸಾಲಲ್ಲಿ ಆರನೇದು ಕತ್ತೆ," ಎಂದಳು ಕುನ್ಜೆಸ್.

"ನೀನು?"

"ನಾನು ಚಪ್ಪಲಿ ಹತ್ರ."

"ಕತ್ತೆ ಚಹಾ ಕುಡೀತಾ?"

"ಹೂಂ. ಒಟ್ಸಲ್ ಬಟ್ಟಲಲ್ಲೇ. ಆಮೇಲೆ ಅವ್ನೂ ಅದ್ರಲ್ಲೇ ಕುಡ್ದ."

ಗ್ಯಾಲ್ಪೊನ ನಗು ಅಲ್ಲಿಗೆ ನಿಂತಿತು. ಕುನ್ಜೆಸ್ ಇನ್ನೂ ಹೇಳುವುದಿತ್ತು. ಹುಡುಗರೆಲ್ಲ ನಾನು ನಿನಗೆ ಅಮ್ಮ, ನೀನು ನನಗೆ ಅಮ್ಮ ಎಂದು ಜಗಳ ಆಡಿದರಂತೆ. ಇವಳೂ ಒಟ್ಸಲ್‌ಗೆ, ನಾನು ನಿನಗೆ ಅಮ್ಮ ಆಗಿದ್ದೆ, ಮೂಗು ಒರೆಸಿಕೋ ಎಂದಳಂತೆ. ಅವನು ಯೋಚಿಸಿ ನೋಡಿ, ನೀನು ಆಗಿರಲಾರೆ, ನೀನು ಮೋನ್, ಕತ್ತೆ ಬೇಕಾದರೆ ಆಗಿರಬಹುದು ಎಂದನಂತೆ. ಗೆನ್-ಲೆ ಕೇಳಿಸಿಕೊಂಡರಂತೆ. ಕೆಮ್ಮಿದರಂತೆ.

"ಮೆಮೆ, ಮೋನ್ ಆದೋರು ಯಾರ್ಗೂ ಅಮ್ಮ ಆಗ್ಲೇ ಇಲ್ವಾ?"

ಅವಳು ಅಳುತ್ತಿರಲಿಲ್ಲ. ತಿಳಿದುಕೊಳ್ಳಲು ಕೇಳುತ್ತಿದ್ದಳು. ಅದನ್ನೇ ಗ್ಯಾಲ್ಪೊಗೆ ತಡೆಯಲಾಗಲಿಲ್ಲ. ಅವನಿಗೆ ಸಿಟ್ಟು ಬಂತು. ಐವತ್ತು ವರ್ಷದ ಚಹಾ, ಐವತ್ತು ವರ್ಷದ ಗಾಳಿ, ಎಲ್ಲ ಒಟ್ಟಿಗೆ ಬಂತು. ಉಜ್ಜುಗೊರಡನ್ನು ಕೆಳಗಿಟ್ಟು ಗೊಂಪಾ ಹತ್ತಿದ.

ಗೆನ್ ಝೋಪಾ ಅವನನ್ನು ನಗುತ್ತಲೇ ಮಾತಾಡಿಸಿದರು. ಹೊಸ್ತಿಲ ಈಚೆಗೆ ನಿಂತವನನ್ನು ಒಳಗೆ ಬಾ ಎನ್ನಲಿಲ್ಲ. ತಮಗೂ ಬೇಸರವಾಗಿದೆ ಎಂದರು. ಹುಡುಗಿಯನ್ನು ಸಾಲಿಗೆ ಸೇರಿಸಿದರೆ ಗೋಬಾನ ಕಡೆಯವರು ಮಕ್ಕಳನ್ನು ಬಿಡಿಸುತ್ತಾರೆ, ಪಾಠವೇ ನಿಂತುಹೋಗುತ್ತದೆ, ಸ್ವಲ್ಪ ಕಾಯೋಣ ಎಂದರು. ಆಮೇಲೆ ಸಮಾಧಾನದ ಮಾತು ಹೇಳಿದರು. ಮೇಲು, ಕೆಳಗು, ಒಳಗು, ಹೊರಗು ಎಲ್ಲ ನಮ್ಮ ಮನಸ್ಸು ಕಟ್ಟಿಕೊಂಡ ಭ್ರಮೆ, ನಿಜವಾಗಿ ನೋಡಿದರೆ ಜಾಗ ಅನ್ನುವುದೇ ಇಲ್ಲ ಎಂದರು.

"ಜಾಗ ಇಲ್ವಲ್ಲ ಗೆನ್-ಲೆ, ಹಂಗಾದ್ರೆ ಬರೋ ಭಾನ್ವಾರ ನೀವೇ ಚಪ್ಪಲಿ ಹತ್ರ ಕೂತ್ಕೊಳ್ಳಿ. ನಮ್ ಹುಡ್ಗಿ ನಿಮ್ ಪೀಠದ ಮೇಲೆ ಕೂತ್ಕೋತಾಳೆ."

ಗೆನ್ ಝೋಪಾರ ಮುಖ ಕೆಂಪಾಯಿತು. ಕೆಮ್ಮಿದರು. ಈ ಹುಣ್ಣಿಮೆಗೆ ಪುಟ್ಟ ರಿಂಪೋಚೆ ಮಕ್ಕಳ ಪಾಠ ನೋಡಲು ಬರುತ್ತಾರೆ, ಅದೊಂದು ಮುಗಿಯಲಿ, ಆಮೇಲೆ ನೋಡೋಣ ಎಂದರು. ಪುಟ್ಟ ರಿಂಪೋಚೆ ಎಂದರೆ ಗೊಂಪಾದ ದೊಡ್ಡ ಲಾಮಾ ಆಗಿದ್ದ ಹಳೇ ರಿಂಪೋಚೆಯೇ. ತೀರಿಕೊಂಡು ಮತ್ತೆ ಹುಟ್ಟಿ ಬಂದವರು. ಈಗ ಅವರಿಗೆ ಏಳು ವರ್ಷ.

ಎರಡು ದಿನದ ಮೇಲೆ ಗೋಬಾ ರಬ್ಗ್ಯಾಸ್ ಗ್ಯಾಲ್ಪೊನ ಓಣಿಗೆ ಬಂದ. ಮನೆಯಿಂದ ಹತ್ತು ಹೆಜ್ಜೆ ದೂರದಲ್ಲಿ ನಿಂತ. ಅದು ಅವನು ಯಾವಾಗಲೂ ನಿಲ್ಲುವ ಕಲ್ಲು.

"ಏ ಮೋನ್, ಹುಣ್ಣಿಮೆ ದಿನ ಬೆಳಿಗ್ಗೇನೆ ಬಾ. ಚರ್ಮ ಚೆನ್ನಾಗಿ ಕಾಯ್ಸು. ಹೋದ್ ಸಲ ಸಪ್ಪೆ ಇತ್ತು."

"ನಾ ಬರಲ್ಲ ಗೋಬಾ-ಲೆ."

ಗಾಳಿಯಲ್ಲಿ ಸರಿಯಾಗಿ ಕೇಳಿಸಲಿಲ್ಲ ಎಂದುಕೊಂಡ ಗೋಬಾ. ಸರ್‌ಲುಂಗ್‌ನಲ್ಲಿ ಆ ಮಾತನ್ನು ಯಾವ ಮೋನ್‌ನೂ ಆಡಿರಲಿಲ್ಲ. ಹುಷಾರಿಲ್ಲವೇ ಎಂದು ಕೇಳಿದ. ಹುಷಾರಾಗಿಯೇ ಇದ್ದೇನೆ ಎಂದ ಗ್ಯಾಲ್ಪೊ.

"ನಿಮ್ ಕತ್ತೇಗೆ ಹೇಳಿ ಬಾರ್ಸಕ್ಕೆ. ಸಾಲಲ್ಲಿ ನಿಲ್ಲೋದು ಅದು, ನಿಮ್ ಬಟ್ಟಲಲ್ಲಿ ಕುಡಿಯೋದು ಅದು. ಕೆಲ್ಸಾನೂ ಅದೇ ಮಾಡ್ಲಿ."

"ಅದು ಪ್ರಾಣಿ ಕಣೋ. ಅದ್ರ ವಿಷ್ಯ ಬೇರೆ."

"ನಮ್ ಹುಡ್ಗೀನೂ ಪ್ರಾಣಿ ಅಂತ್ಲೇ ತಿಳ್ಕೊಳ್ಳಿ. ಏಳನೇ ಜಾಗ ಆದ್ರೂ ಸಿಗುತ್ತೆ."

ಗೋಬಾನ ಬಾಯಿ ತೆರೆದುಕೊಂಡಿತು. ಅದರೊಳಗೆ ಸ್ವಲ್ಪ ದೂಳು ಹೋಯಿತು. ಉಗಿದು, ಹಾಗಾದರೆ ಈ ಸುಗ್ಗಿಯಲ್ಲಿ ನಿನಗೆ ಮನೆಮನೆಯಿಂದ ಬರುವ ಜವೆ ಬರುವುದಿಲ್ಲ ಎಂದ. ಅದನ್ನೂ ಕತ್ತೆಗೇ ಹಾಕಿ ಎಂದ ಗ್ಯಾಲ್ಪೊ. ನನ್ನ ಮೊಮ್ಮಗಳು ಸಾಲಿನಲ್ಲಿ ಕೂತು, ಅವರ ಬಟ್ಟಲಲ್ಲಿ ಚಹಾ ಕುಡಿದ ದಿನ ನನ್ನ ಕೈ ದಮನ್ ಮುಟ್ಟುತ್ತದೆ. ಅಲ್ಲಿಯವರೆಗೆ ಇಲ್ಲ. ಹಾಗೆಂದು ಹೇಳಿ ಮರ ಉಜ್ಜತೊಡಗಿದ.

ಗೋಬಾ ಹೋದ ಮೇಲೆ ಗ್ಯಾಲ್ಪೊನ ಮೊಣಕಾಲು ನಡುಗತೊಡಗಿದವು. ಜವೆ ಇಲ್ಲದೆ ಚಳಿಗಾಲ ಕಳೆಯುವುದು ಹೇಗೆ ಎಂದು ಅವನಿಗೂ ಗೊತ್ತಿರಲಿಲ್ಲ. ಹೆದರಿಕೆಯಾಯಿತು. ಒಳಗಿನಿಂದ ಎಲ್ಲ ಕೇಳಿಸಿಕೊಂಡಿದ್ದ ಛೋರೊಲ್ ಹೊರಗೆ ಬಂದು ಗಂಡನನ್ನು ನೋಡಿದಳು.

"ಇಷ್ಟ್ ವರ್ಷ ಆದ್ಮೇಲೆ ಒಂದ್ ಗಂಡ್ಸಿನ ಮಾತಾಡ್ದೆ. ಕೂತ್ಕೊಂಡ್ ನಡುಗು, ಬಿದ್ದೋಗ್ತೀಯ," ಎಂದಳು.

ಹುಣ್ಣಿಮೆಯ ಬೆಳಿಗ್ಗೆ ಗ್ಯಾಲ್ಪೊ ಮನೆಯ ಮಾಳಿಗೆ ಹತ್ತಿ ಕೂತ. ಅಲ್ಲಿಂದ ಗೊಂಪಾದ ಕೆಳಗಿನ ಅಂಗಳ ಕಾಣುತ್ತದೆ. ಊರೆಲ್ಲ ರೇಷ್ಮೆ ಉಟ್ಟು ನೆರೆದಿತ್ತು. ಧೂಪದ ಹೊಗೆ ಎದ್ದಿತ್ತು. ದಮನ್ ಇಲ್ಲದೆ ರಿಂಪೋಚೆ ಊರೊಳಗೆ ಕಾಲಿಡುವಂತಿಲ್ಲ. ಅಪಶಕುನ. ಆದರೆ ಗೋಬಾನ ಅಳಿಯ ಬುದ್ಧಿವಂತ. ಅವನ ಫೋನಿನಲ್ಲಿ ಹೋದ ವರ್ಷದ ಮದುವೆಯೊಂದರ ದಮನ್ ಇತ್ತು. ಬಾರಿಸಿದವನು ಗ್ಯಾಲ್ಪೊನೇ. ಫೋನಿನೊಳಗಿನ ಮೋನ್‌ನಿಂದ ಮೈಲಿಗೆ ಇಲ್ಲ. ಅಳಿಯ ದೊಡ್ಡ ಸ್ಪೀಕರ್ ತಂದು ಗೋಡೆಯ ಮೇಲಿಟ್ಟು, ಎಲ್ಲ ಸರಿ ಇದೆಯೇ ಎಂದು ನೋಡಲು ಒಮ್ಮೆ ಹಚ್ಚಿದ.

ಅವನಿಗೆ ಡಬ ಡಬ ಎಂದರೆ ಎಲ್ಲ ಒಂದೇ. ಅವನು ಹಚ್ಚಿದ್ದು ಮದುಮಗಳು ತವರು ಬಿಡುವ ಗತ್ತು.

ಅಂಗಳದ ಮುದುಕಿಯರೆಲ್ಲ ಒಟ್ಟಿಗೆ ಅಳತೊಡಗಿದರು. ಯಾರಿಗೂ ಬೇಕಿರಲಿಲ್ಲ. ಕಣ್ಣು ತಾನಾಗಿಯೇ ಸುರಿಯಿತು. ಒಬ್ಬಳು ಪಕ್ಕದಲ್ಲಿದ್ದ ಗೋಬಾನ ಹೆಂಡತಿಯನ್ನು ಅಪ್ಪಿಕೊಂಡು, ಹೋದ ಮನೆಯಲ್ಲಿ ಚೆನ್ನಾಗಿರು ತಾಯಿ ಎಂದಳು. ಗೋಬಾನ ಹೆಂಡತಿಗೆ ಎಪ್ಪತ್ತು ವರ್ಷ. ಅವಳೂ ಅತ್ತಳು. ಗಂಡಸರ ಕೈ ಛಾಂಗ್ ಬಟ್ಟಲು ಹುಡುಕುತ್ತ ನಿಲುವಂಗಿಯ ಎದೆಯೊಳಗೆ ಹೋಯಿತು. ನಿಲ್ಲಿಸೋ, ನಿಲ್ಲಿಸೋ ಎಂದು ಗೋಬಾ ಓಡಾಡಿದ. ಅಳಿಯ ಒತ್ತಬಾರದ್ದನ್ನು ಒತ್ತಿದ. ಬಿಲ್ಲಾಟದ ಗತ್ತು ಬಂತು. ಅಳುತ್ತಿದ್ದವರ ಕಾಲು ಕುಣಿಯತೊಡಗಿತು. ನಡುವೆ ಯಾರದೋ ಫೋನು ಬಂದು ಸ್ಪೀಕರ್‌ನಲ್ಲಿ, ಹಲೋ, ಎಮ್ಮೆ ಮಾರಾಟಕ್ಕಿದೆಯಾ ಎಂದು ಕೇಳಿತು. ನಮ್ಮಲ್ಲಿ ಎಮ್ಮೆಯೇ ಇಲ್ಲ. ಆಮೇಲೆ ಬ್ಯಾಟರಿ ಸತ್ತಿತು.

ಮಾಳಿಗೆಯ ಮೇಲೆ ಗ್ಯಾಲ್ಪೊ ಹೊಟ್ಟೆ ಹಿಡಿದುಕೊಂಡು ಉರುಳಾಡಿದ.

ಈಗ ಯಾರಾದರೂ ಬಾರಿಸಲೇಬೇಕು. ಯಾರು ಬಾರಿಸುತ್ತಾರೆ? ದಮನ್ ಮುಟ್ಟಿದವನು ಮೋನ್ ಎಂಬುದು ಊರಿನ ಕಟ್ಟು. ಅವನಿಗೆ ಹೆಣ್ಣು ಕೊಡುವುದಿಲ್ಲ, ಬಟ್ಟಲು ಕೊಡುವುದಿಲ್ಲ, ಬಾಗಿಲಿಗಿಂತ ಮೇಲೆ ಕೂರಿಸುವುದಿಲ್ಲ. ಹೋದ ಹುಣ್ಣಿಮೆಗಷ್ಟೇ ಗೋಬಾ ಅದನ್ನು ಮಕ್ಕಳಿಗೆ ಒತ್ತಿ ಹೇಳಿದ್ದ. ಗಂಡಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಎಲ್ಲರಿಗೂ ಇದ್ದಕ್ಕಿದ್ದಂತೆ ಕೈನೋವು ಬಂತು.

ಆಗ ಮಕ್ಕಳು ಓಣಿಯಲ್ಲಿ ಓಡಿಬಂದರು. ಮುಂದೆ ಒಟ್ಸಲ್. ಹಿಂದೆ ಹನ್ನೊಂದು. ಎಲ್ಲರ ಹಿಂದೆ ಖತಕ್ ಹಾಕಿಕೊಂಡ ಕತ್ತೆ. ಹತ್ತು ಹೆಜ್ಜೆ ದೂರದ ಕಲ್ಲನ್ನು ದಾಟಿ ನೇರ ಗ್ಯಾಲ್ಪೊನ ಮನೆಯ ಅಂಗಳಕ್ಕೇ ನುಗ್ಗಿದರು.

"ಮೋನ್ ಮೆಮೆ, ದಮನ್ ಕೊಡಿ. ನಾವು ಬಾರಿಸ್ತೀವಿ."

ಗ್ಯಾಲ್ಪೊ ಕೆಳಗಿಳಿದು ಬಂದ. ಮುಟ್ಟಿದರೆ ಏನಾಗುತ್ತದೆ ಗೊತ್ತೇ ಎಂದು ಕೇಳಿದ. ಗೊತ್ತು, ಮೋನ್ ಆಗುತ್ತೇವೆ ಎಂದವು ಮಕ್ಕಳು. ಒಟ್ಸಲ್ ಅದನ್ನು ಆಗಲೇ ಯೋಚಿಸಿ ಮುಗಿಸಿದ್ದ.

"ಹಿಂದಿನ್ ಜನ್ಮದಲ್ಲಿ ಎಷ್ಟು ಸಲ ಆಗಿದ್ದೀವೋ ಏನೋ. ಗೆನ್-ಲೆ ಹೇಳಿದ್ರಲ್ಲ, ಎಲ್ರೂ ಎಲ್ಲಾ ಆಗಿದ್ದೀವಿ ಅಂತ. ಇನ್ನೊಂದ್ ಸಲ ಆದ್ರೆ ಏನೀಗ?"

ನಗಾರಿ ಬಾರಿಸುವ ಆಸೆಯ ಮುಂದೆ ಏಳು ತಲೆಮಾರಿನ ಮರ್ಯಾದೆ ಏನೂ ಅಲ್ಲ. ಗ್ಯಾಲ್ಪೊ ಛೋರೊಲ್‌ಳನ್ನು ನೋಡಿದ. ಛೋರೊಲ್ ಗ್ಯಾಲ್ಪೊನನ್ನು ನೋಡಿದಳು. ತಾನು ಬಾರಿಸುವುದಿಲ್ಲ ಎಂದು ಅವನು ಹೇಳಿದ್ದ. ಬೇರೆ ಯಾರೂ ಬಾರಿಸಬಾರದು ಎಂದು ಹೇಳಿರಲಿಲ್ಲ.

"ಮುಟ್ಟಿದೋರು ಎಲ್ಲಿ ಕೂರ್ಬೇಕು?" ಎಂದ.

"ಚಪ್ಪಲಿ ಹತ್ರ," ಎಂದವು ಹನ್ನೆರಡೂ ಒಟ್ಟಿಗೆ. ಅವಕ್ಕೆ ಖುಷಿಯೇ ಆಗಿತ್ತು. ಬಾಗಿಲ ಹತ್ತಿರ ಕೂತರೆ ಮೊದಲು ಓಡಿಹೋಗಬಹುದು.

ಮಾತು ತಪ್ಪಬಾರದು ಎಂದ ಗ್ಯಾಲ್ಪೊ. ತಪ್ಪುವುದಿಲ್ಲ ಎಂದು ಕತ್ತೆಯ ಮೇಲೆ ಆಣೆ ಮಾಡಿದರು. ಅಮ್ಮನ ಮೇಲಿನ ಆಣೆ ಅದು. ಛೋರೊಲ್ ಚರ್ಮ ಕಾಯಿಸಿದಳು. ಗ್ಯಾಲ್ಪೊ ತನ್ನ ತೊಡೆ ತಟ್ಟಿ ಕಾಲು ಗಂಟೆಯಲ್ಲಿ ಲಾಮಾ ಬರುವ ಗತ್ತು ಹೇಳಿಕೊಟ್ಟ. ಕೈ ಸಡಿಲ ಬಿಡಿ, ಮೊದಲು ನಿಧಾನ, ಹಲ್ಲು ಕಚ್ಚಬೇಡಿ, ಪಕ್ಕದವನ ತಲೆಗೆ ಹೊಡೆಯಬೇಡಿ ಎಂದ. ಅವನ ಬದುಕಿನಲ್ಲಿ ಊರಿನ ಮಕ್ಕಳು ಅವನ ಮೈಗೆ ಮೈ ತಾಗಿಸಿ ಕೂತದ್ದು ಅದೇ ಮೊದಲು. ಸಿಂಬಳ ಸುರಿಸುತ್ತಿದ್ದ ಒಬ್ಬನ ಮೂಗನ್ನು ತನ್ನ ತೋಳಿನಿಂದ ಒರೆಸಿದ. ಕುನ್ಜೆಸ್ ಸೊಂಟದ ಮೇಲೆ ಕೈಯಿಟ್ಟು ಎಲ್ಲರ ತಪ್ಪು ಎಣಿಸಿ ಹೇಳಿದಳು.

ರಿಂಪೋಚೆಯ ಜೀಪು ಊರ ಮೂಲೆಗೆ ಬಂದಾಗ ಗೊಂಪಾದ ಅಂಗಳದ ಗೋಡೆಯ ಆಚೆಯಿಂದ ದಮನ್ ಸದ್ದು ಎದ್ದಿತು. ಗತ್ತು ಅಂಕುಡೊಂಕಾಗಿತ್ತು. ಆದರೂ ದಮನ್ ದಮನೇ. ಮೋನ್ ದಾರಿಗೆ ಬಂದ ಎಂದುಕೊಂಡು ಗೋಬಾ ಹಿಂತಿರುಗಿ ಕೂಡ ನೋಡಲಿಲ್ಲ. ಅವನಿಗೆ ಯಾವತ್ತೂ ನೋಡಿ ಅಭ್ಯಾಸವಿರಲಿಲ್ಲ.

ಜೀಪಿನಿಂದ ಪುಟ್ಟ ರಿಂಪೋಚೆ ಇಳಿದರು. ಮೊದಲು ಉಚ್ಚೆ ಹೊಯ್ಯಬೇಕು ಎಂದರು. ಅದಾದ ಮೇಲೆ ಎಲ್ಲರ ತಲೆ ಮುಟ್ಟಿ ಹರಸಿದರು. ಅವರನ್ನು ಪಾಠದ ಕೋಣೆಗೆ ಕರೆದೊಯ್ದು ಎತ್ತರದ ಪೀಠದ ಮೇಲೆ ಕೂರಿಸಿದರು. ಪೀಠದ ಪಕ್ಕದಲ್ಲಿ ಗೋಬಾ ಮತ್ತು ಊರಿನ ಹಿರಿಯರು ಕೂತರು. ಎದುರಿಗೆ ಕಮಲದ ಹೂವಿನ ಹನ್ನೆರಡು ಮೇಜು.

ಮೇಜುಗಳ ಹಿಂದೆ ಯಾರೂ ಇರಲಿಲ್ಲ. ಆರನೆಯ ಜಾಗದಲ್ಲಿ ಕತ್ತೆ ಮಾತ್ರ ನಿಂತಿತ್ತು. ಅದಕ್ಕೆ ಅಭ್ಯಾಸವಾಗಿತ್ತು.

ಪುಟ್ಟ ರಿಂಪೋಚೆ ಕತ್ತೆಯನ್ನು ನೋಡಿ ಬಾಯ್ತುಂಬ ನಕ್ಕರು. ಅವರ ಜೊತೆ ಬಂದಿದ್ದ ಹಿರಿಯ ಭಿಕ್ಷು ನಗಲಿಲ್ಲ. ಪಾಠದ ಮಕ್ಕಳು ಇವರೇ ಏನು ಎಂದು ಕೇಳಿದರು. ಗೆನ್ ಝೋಪಾ ಕೆಮ್ಮಿದರು. ಆಗ ಬಾಗಿಲ ಹತ್ತಿರ ಕಿಸಕ್ಕೆಂದ ಸದ್ದಾಯಿತು. ಚಪ್ಪಲಿಗಳ ನಡುವೆ, ಒಬ್ಬರ ಮೇಲೊಬ್ಬರು ಎಂಬಂತೆ, ದೊಡ್ಡವರ ಹಿಂದೆ ನುಸುಳಿ ಬಂದ ಹದಿಮೂರು ಮಕ್ಕಳು ಅಡಕಿಕೊಂಡು ಕೂತಿದ್ದರು.

ಅಲ್ಲೇನು ಮಾಡುತ್ತಿದ್ದೀರಿ, ಮೇಲೆ ಬನ್ನಿ ಎಂದ ಗೋಬಾ. ಒಟ್ಸಲ್ ಅಲುಗಾಡಲಿಲ್ಲ.

"ಬರಕ್ಕಾಗಲ್ಲ ಮೆಮೆ-ಲೆ. ನಾವೆಲ್ಲ ದಮನ್ ಬಾರ್ಸಿದ್ದೀವಿ. ಮೋನ್ ಆಗೋಗಿದ್ದೀವಿ. ನೀವೇ ಹೇಳಿದ್ದಲ್ವಾ?"

ಹನ್ನೆರಡು ಮನೆಯ ಹನ್ನೆರಡು ಕುಡಿಗಳು ಚಪ್ಪಲಿಯ ಹತ್ತಿರ ಕೂತಿವೆ. ಕಟ್ಟಿನಂತೆ ನಡೆದರೆ ಅವು ಅಲ್ಲೇ ಇರಬೇಕು. ಅವಕ್ಕೆ ಹೆಣ್ಣಿಲ್ಲ, ಗಂಡಿಲ್ಲ, ಬಟ್ಟಲಿಲ್ಲ. ಊರೇ ಬಾಗಿಲಿಗೆ ಬಂದುಬಿಡುತ್ತದೆ. ಗೋಬಾ ಬೆವರಿದ. ಮಕ್ಕಳು ಏನೋ ಆಟಕ್ಕೆ ಮುಟ್ಟಿವೆ, ಪರವಾಗಿಲ್ಲ, ಮೇಲೆ ಬನ್ನಿ ಎಂದ.

ಹೊಸ್ತಿಲ ಆಚೆಯಿಂದ ಗ್ಯಾಲ್ಪೊನ ದನಿ ಬಂತು. ದಮನ್ ಜೋಡಿಯ ಹಿಂದೆ, ನೆಲದ ಮೇಲೆ, ಅವನು ಕೈಕಟ್ಟಿ ಕೂತಿದ್ದ.

"ದಮನ್ ಮುಟ್ಟಿದ್ರೆ ಏನೂ ಆಗಲ್ವಾ ಗೋಬಾ-ಲೆ?"

"ಏನೂ ಆಗಲ್ಲ," ಎಂದ ಗೋಬಾ, ಗಡ್ಡದೊಳಗೆ.

"ಸ್ವಲ್ಪ ಜೋರಾಗ್ ಹೇಳಿ. ಐವತ್ತು ವರ್ಷ ನಿಮಗೋಸ್ಕರ ಬಾರ್ಸಿ ಬಾರ್ಸಿ ಕಿವಿ ಮಂದ ಆಗಿದೆ."

ಹಿರಿಯ ಭಿಕ್ಷು ಗೋಬಾನನ್ನು ನೋಡುತ್ತಿದ್ದರು. ಪುಟ್ಟ ರಿಂಪೋಚೆ ನೋಡುತ್ತಿದ್ದರು. ಕತ್ತೆ ಕೂಡ ನೋಡುತ್ತಿತ್ತು.

"ಏನೂ ಆಗಲ್ಲ ಅಂದ್ನಲ್ಲ," ಎಂದು ಗೋಬಾ ಕೂಗಿದ. "ಮುಟ್ಟಿದ್ರೆ ಏನೂ ಆಗಲ್ಲ."

"ಕೇಳಿಸ್ತು. ಕುನ್ಜೆಸ್, ಏಳು. ಮೇಲೆ ನಡಿ."

ಕುನ್ಜೆಸ್ ಎದ್ದಳು. ಅವಳ ಹಿಂದೆ ಉಳಿದವರೂ ಎದ್ದು ತಮ್ಮ ತಮ್ಮ ಮೇಜಿಗೆ ಓಡಿದರು. ಹದಿಮೂರನೇ ಮೇಜು ಇರಲಿಲ್ಲ. ಕುನ್ಜೆಸ್ ಸಾಲಿನುದ್ದಕ್ಕೂ ನಡೆದಳು. ಹನ್ನೆರಡನೆಯದನ್ನು ದಾಟಿದಳು. ಕತ್ತೆಯನ್ನು ದಾಟಿದಳು. ಮೊದಲ ಮೇಜಿನ ಹತ್ತಿರ ಹೋಗಿ ಒಟ್ಸಲ್‌ನ ಪಕ್ಕದಲ್ಲಿ ನಿಂತಳು.

"ಸರ್ಕೊ ಮಗ್ನೇ," ಎಂದಳು. "ಮೂಗ್ ಒರೆಸ್ಕೋ."

ಒಟ್ಸಲ್ ಮೂಗು ಒರೆಸಿಕೊಂಡು ಸರಿದ. ತಾನೇ ಮೋನ್ ಆಗಿ ಬಂದವನಿಗೆ ಈಗ ವಾದಿಸಲು ಏನೂ ಉಳಿದಿರಲಿಲ್ಲ. ಚಹಾ ಬಂತು. ಚಹಾ ತಂದವಳು ಮೊದಲ ಮೇಜಿನ ಮುಂದೆ ನಿಂತು ಗೋಬಾನ ಮುಖ ನೋಡಿದಳು. ಕುನ್ಜೆಸ್‌ಳ ಬಟ್ಟಲು ಹೊರಗೆ ಗೂಡಿನಲ್ಲಿ ಬೋರಲಾಗಿತ್ತು. ಅದನ್ನು ತರಲು ಅವಳು ಏಳಲಿಲ್ಲ. ಒಟ್ಸಲ್ ತನ್ನ ಬಟ್ಟಲಲ್ಲಿ ಅರ್ಧ ಕುಡಿದು, ಬಿಸಿ ಇದೆ ನೋಡ್ಕೊಂಡ್ ಕುಡಿ ಎಂದು ಅವಳ ಕಡೆ ತಳ್ಳಿದ. ಅವಳು ಎರಡೂ ಕೈಯಲ್ಲಿ ಎತ್ತಿ ಸೊರ್ರೆಂದು ಕುಡಿದಳು.

ಹೊಸ್ತಿಲ ಆಚೆ ಗ್ಯಾಲ್ಪೊ ಅದನ್ನು ಕಂಡ. ಅವನ ಜಾಗ ಇನ್ನೂ ಹೊರಗೇ ಇತ್ತು. ಗಾಳಿ ಇತ್ತು. ಯಾರೋ ಕೆಟಲ್ ಹಿಡಿದು ಬಂದು, ಮಾರು ದೂರ ನಿಂತು, ಬಟ್ಟಲು ಹಿಡಿ ಎಂದರು. ಅವನು ತನ್ನ ಬಟ್ಟಲನ್ನು ಬೋರಲು ಹಾಕಿದ. ಒಳಗಿನ ಬಟ್ಟಲಲ್ಲಿ ತಂದರೆ ಕುಡಿಯುತ್ತೇನೆ ಎಂದ. ಇವತ್ತು ಆಗದಿದ್ದರೆ ಮುಂದಿನ ಹುಣ್ಣಿಮೆ ಇದೆ ಎಂದ.

ಆಮೇಲೆ ಕೋಲು ಎತ್ತಿಕೊಂಡ. ಕೊಟ್ಟ ಮಾತಿನಂತೆ ಅವನ ಕೈ ದಮನ್ ಮುಟ್ಟಿತು. ಅವನು ಬಾರಿಸಿದ್ದು ಲಾಮಾ ಬಂದಾಗಿನ ಗತ್ತಲ್ಲ. ಅವನ ಅಜ್ಜ ಬೆನ್ನಿನ ಮೇಲೆ ಕಲಿಸಿದ್ದ ದೊರೆಯ ಗತ್ತು. ಚಿಕ್ಕದಾಗಿ ಅಲ್ಲ, ತೋಳು ಬೀಸಿ ಬಾರಿಸಿದ.

ಒಳಗೆ ಮುದುಕರು ಮೊಣಕಾಲು ಹಿಡಿದುಕೊಂಡು ಎದ್ದರು. ಹೆಂಗಸರು ಎದ್ದರು. ಗೆನ್ ಝೋಪಾ ಎದ್ದರು. ಎಲ್ಲರೂ ಎದ್ದರಲ್ಲ ಎಂದು ಪುಟ್ಟ ರಿಂಪೋಚೆ ಪೀಠದ ಮೇಲೆಯೇ ಎದ್ದು ನಿಂತರು. ಗೋಬಾ ರಬ್ಗ್ಯಾಸ್ ಏಳಬಾರದೆಂದು ಕೂತಿದ್ದ ನೆಲಹಾಸನ್ನು ಹಿಡಿದುಕೊಂಡ. ಅವನ ಕಾಲು ಅವನ ಮಾತು ಕೇಳಲಿಲ್ಲ. ಎದ್ದ. ಕತ್ತೆ ಮೊದಲೇ ನಿಂತಿತ್ತು.

ಕೂತಿದ್ದವಳು ಕುನ್ಜೆಸ್ ಒಬ್ಬಳೇ. ಅವಳಿಗೆ ಬಿಸ್ಕತ್ತು ಸಿಕ್ಕಿತ್ತು. ಅದನ್ನು ಚಹಾದಲ್ಲಿ ಅದ್ದಿ, ಮುಂದಿನ ಹಲ್ಲಿಲ್ಲದ ಬಾಯಿಯಲ್ಲಿ ನಿಧಾನವಾಗಿ ಚೀಪುತ್ತಿದ್ದಳು. ಅವಳು ತಿಂದು ಮುಗಿಸುವವರೆಗೂ ಅವಳ ಅಜ್ಜ ಕೈ ನಿಲ್ಲಿಸಲಿಲ್ಲ.